ತಾತನ ಆರೋಗ್ಯ ವರದಿ

ಜೂನ್ 3

ತಾತನ ಆರೋಗ್ಯ ವರದಿ: ಕಾಯಿಲೆ ಎಂಟನೇ ತಿಂಗಳಿಗೆ ಬಿತ್ತು. ಜ್ವರವಿಲ್ಲ, ಕೆಮ್ಮಿಲ್ಲ, ಉಸಿರೂ ಇಲ್ಲ. ದಕ್ಷಿಣದ ಕೋಣೆಯಲ್ಲಿ ಎಂದಿನಂತೆ ಮಲಗಿದ್ದಾರೆ. ಕಾಫಿ, ಲವಂಗದ ಸಿಗರೇಟು ಇಟ್ಟೆ. ಮುಟ್ಟಲಿಲ್ಲ. ಸಿಗರೇಟನ್ನು ರೋಗಿಯ ಹಿತದೃಷ್ಟಿಯಿಂದ ನಾನೇ ವಿಲೇವಾರಿ ಮಾಡಿದೆ.

ಸಂಪೆ ಮಾವ ಊಟದ ತಟ್ಟೆ ತಂದಾಗ ಪರದೆ ಹಿಂದೆ ಕೂತು ತಾತನ ದನಿ ತೆಗೆದೆ: "ಸಂಪೇ... ಮೀನಿಗೆ ಖಾರ ಸಾಲ್ದು." ತಟ್ಟೆ ಒಂದು ಕಡೆ, ಮಾವ ಒಂದು ಕಡೆ. ಅಮ್ಮ ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದಳು. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳು. ನಗುತ್ತಲೇ ಅತ್ತಳು.

ಜುಲೈ 9

ಮಕಾಸ್ಸರ್ ಪಟ್ಟಣದಿಂದ ನೆಂಟರು. ಅಂಗಳದಲ್ಲಿ ಬಿದಿರಿನ ಚಪ್ಪರ. ಹದಿನಾಲ್ಕಕ್ಕೆ ಮೊದಲ ಕೋಣ ಬಲಿ ಬೀಳುತ್ತದೆ. ನಮ್ಮ ಗುಡ್ಡದ ಪದ್ಧತಿಯಲ್ಲಿ ಅದು ಬಿದ್ದ ಗಳಿಗೆಗೆ ತಾತ ಸತ್ತರು ಅಂತ ಲೆಕ್ಕ. ಅಲ್ಲಿಯವರೆಗೆ ಬರೀ ಕಾಯಿಲೆ.

ಮೊದಲು ಯಾವ ಕೋಣ ಎಂದು ಕೇಳಿದೆ.

"ಇನ್ಯಾವ್ದು, ನಿನ್ನ ಜನರಲ್ಲು. ಅವನ ಮೇಲೇ ಕೂತು ಆ ಲೋಕಕ್ಕೆ ಹೋಗ್ತೀನಿ ಅಂತ ನಮ್ಮಪ್ಪ ಹೇಳಿರ್ಲಿಲ್ವಾ?" ಎಂದರು ಮಾವ.

ಜನರಲ್ — ತಾತನೂ ನಾನೂ ಕರುವಿನಿಂದ ಸಾಕಿದವನು. ತಾತ ನನಗೆ ಕಲಿಸಿದ ಶಿಳ್ಳೆಗೆ ಮಾತ್ರ ಬರುತ್ತಾನೆ.

ಇವತ್ತು ಜೋಕ್ ಹೊಳೆಯಲಿಲ್ಲ.

ಜುಲೈ 14, ಬೆಳಿಗ್ಗೆ 6

ಜನರಲ್‌ನನ್ನು ಕೊನೆಯ ಸ್ನಾನಕ್ಕೆ ಹೊಳೆಗೆ ಕರೆದೊಯ್ದೆ. ಹಗ್ಗ ಕೈಯಲ್ಲೇ ಇತ್ತು... ಬಿಚ್ಚಿಬಿಟ್ಟೆ. ಯೋಚಿಸಲಿಲ್ಲ. ಮೂಗುದಾರ ಕಳಚಿ ಬೆನ್ನಿಗೊಂದು ಏಟು. ಕಾಡಿನ ಕಡೆ ಓಡಿದ.

ಸರ್ಕಾರಿ ಆದೇಶ: ಕೋಣ ಇಲ್ಲ, ಆದ್ದರಿಂದ ಸಾವಿಲ್ಲ. ರೋಗಿ ಯಥಾಸ್ಥಿತಿ.

ಸಂಜೆ 4

ಊರೆಲ್ಲ ಹುಡುಕುತ್ತಿದೆ; ತಾತ ಹೇಳಿದ ಕೋಣ ಬಿಟ್ಟು ಬೇರೆಯದನ್ನು ಮೊದಲು ಬೀಳಿಸುವಂತಿಲ್ಲ. ನಾನೂ — ಹುಡುಕುವ ನಾಟಕ. ತಾತನನ್ನು ಅಂಗಳಕ್ಕೆ ಇಳಿಸಿಯಾಗಿದೆ, ವಾಪಸ್ ಒಳಗೆ ಒಯ್ಯುವಂತಿಲ್ಲ. ಇನ್ನೂರು ಜನ ಸುಮ್ಮನೆ ಕೂತಿದ್ದಾರೆ.

ನನ್ನ ಚಾಪೆ ಕೆಳಗೆ ಅಮ್ಮನಿಗೆ ಮೂಗುದಾರ ಸಿಕ್ಕಿತು. ಬೈಯಲಿಲ್ಲ.

"ರೊಂಬೆ, ಒಂಬತ್ತು ತಿಂಗಳು ಕಣೋ. ಮಲಗಿ ಮಲಗಿ ನಮ್ಮಪ್ಪಂಗೆ ಸಾಕಾಗಿರಲ್ವಾ?"

"ನಿಂಗೆ ಸಾಕಾಯ್ತಾ?"

"ನಂಗಾ? ಬಿಟ್ರೆ ಇನ್ನೂ ಒಂಬತ್ತು ವರ್ಷ ಊಟ ಇಡ್ತೀನಿ. ಅದಕ್ಕೇ ನಿಲ್ಲಿಸ್ಬೇಕು."

ಜುಲೈ 15

ಬೆಳಿಗ್ಗೆ ಗುಡ್ಡ ಹತ್ತಿದೆ. ತುಟಿ ಒಣಗಿತ್ತು. ಮೂರನೇ ಸಲಕ್ಕೆ ಶಿಳ್ಳೆ ಬಂತು.

ಬಿದಿರು ಮುರಿದುಕೊಂಡು ಬಂದ. ಮೈಯೆಲ್ಲ ಕೆಸರು. ಸ್ನಾನಕ್ಕೆ ಕರೆದೆ ಅಂದುಕೊಂಡಿರಬೇಕು. ಮೂಗು ತಾನೇ ಚಾಚಿದ. ದಾರ ನಾನೇ ಪೋಣಿಸಿದೆ. ಹೊಳೆಯಲ್ಲಿ ಇನ್ನೊಮ್ಮೆ ತೊಳೆದೆ. ಕಿವಿಯ ಹಿಂದೆಯೂ.

ಅಂಗಳದಲ್ಲಿ ಮಾವ, "ಹಗ್ಗ ಕೊಡೋ ಇಲ್ಲಿ. ನೀನು ಒಳಗೆ ಹೋಗು" ಎಂದರು.

ಕೊಡಲಿಲ್ಲ. ಕೊನೆಯವರೆಗೂ ನಾನೇ ಹಿಡಿದುಕೊಂಡಿದ್ದೆ.

ಜುಲೈ 16

ಅಭ್ಯಾಸಬಲದಿಂದ ಒಂದು ಲೋಟ ಕಾಫಿ ಹೆಚ್ಚು ಬಗ್ಗಿಸಿದೆ. ದಕ್ಷಿಣದ ಕೋಣೆ ಖಾಲಿ. ಪರದೆ ಹಾಗೇ ಇದೆ. ಮಾವ ಅದರ ಮುಂದೆ ಬಂದು ನಿಂತರು.

"ಏನಾದ್ರೂ ಅನ್ನೋ. ಖಾರ ಸಾಲ್ದು ಅನ್ನು."

ಬಾಯಿ ತೆರೆದೆ. ತಾತನ ದನಿ ಬರಲಿಲ್ಲ.

ತಾತನ ಆರೋಗ್ಯ ವರದಿ: ತಾತ —