ಮೊಲಕ್ಕೆ ಹೊಡೆದ ಈಡು

ಮಡಿಕೇರಿ,
ಫೆಬ್ರವರಿ 25, 1917

ಬಸ್ರಾದಲ್ಲಿರುವ ನನ್ನ ಯಜಮಾನರಿಗೆ ಯಮುನಳ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ, ಮಾವ ಕ್ಷೇಮ, ಹಸು ಕ್ಷೇಮ. ನಿಮ್ಮ ಪತ್ರ ಮೊನ್ನೆ ಬಂತು. ಒಂಟೆಗಳ ಬಗ್ಗೆ ಒಂದು ಪುಟ ಬರೆದು ನಿಮ್ಮ ಜ್ವರದ ಬಗ್ಗೆ ಅರ್ಧ ಸಾಲು ಬರೆದಿದ್ದೀರಿ. ಆ ಜಗಳ ನೀವು ಬಂದ ಮೇಲೆ ಆಡೋಣ. ಮಗ ಹುಟ್ಟಿದ ಸುದ್ದಿ ಪಕ್ಕದ ಮನೆಯ ನಾಣಯ್ಯನವರ ಕಾರ್ಡಿನಿಂದ ತಿಳಿದು, ದಂಡಿನ ಆಸ್ಪತ್ರೆಯ ಉಗ್ರಾಣದಲ್ಲಿ ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ಖರ್ಜೂರ ಹಂಚಿದಿರಂತೆ. ನಿಮ್ಮ ಅಜ್ಜನ ಹೆಸರು ಪೊನ್ನಪ್ಪ ಎಂದೇ ಇಡಬೇಕಂತೆ. ಕೊನೆಯಲ್ಲಿ ನನಗೆ ಬೈಗುಳ: ಎರಡು ಪತ್ರ ಬರೆದಿದ್ದೀಯ, ಎರಡರಲ್ಲೂ ಹಿತ್ತಿಲಿಗೆ ಬರುವ ಮೊಲಗಳದ್ದೇ ಸುದ್ದಿ, ಮಗ ಯಾರ ಹಾಗಿದ್ದಾನೆ ಎಂದು ಒಂದು ಸಾಲು ಬರೆಯಲು ನಿನಗೇನು ಕಷ್ಟ ಎಂದು.

ಬೈಯಿರಿ. ಆದರೆ ಇವತ್ತೂ ನಾನು ಮೊಲಗಳಿಂದಲೇ ಶುರು ಮಾಡಬೇಕು. ಬೇರೆ ಕಡೆಯಿಂದ ಶುರು ಮಾಡಲು ಹೋಗಿ ಎಷ್ಟು ಕಾಗದ ಹರಿದು ಒಲೆಗೆ ಹಾಕಿದೆನೋ ದೇವರಿಗೇ ಗೊತ್ತು.

ಹುತ್ತರಿ ಹಬ್ಬ ಕಳೆದ ಮೇಲೆ ಅವು ಬರತೊಡಗಿದವು. ಗುಡ್ಡದ ಹುಲ್ಲು ಆ ಚಳಿಗೆ ಸುಟ್ಟುಹೋಗಿತ್ತು. ನಮ್ಮದು ಊರಿನ ಕೊನೆಯ ಮನೆ, ಬೇಲಿ ದಾಟಿದರೆ ಲಂಟಾನದ ಪೊದೆ, ಇನ್ನೆಲ್ಲಿ ಹೋಗಬೇಕು ಪಾಪ. ದಿನ ತುಂಬಿ ಕಾಲು ಬಾತಿದ್ದ ನನ್ನನ್ನು ಸೂಲಗಿತ್ತಿ ದೊಡ್ಡಿ, ನೆಲಕ್ಕೆ ಕಾಲೂರಬಾರದೆಂದು, ಮಂಚ ಹತ್ತಿಸಿದ್ದಳು. ನನಗಿದ್ದದ್ದು ಆ ಕಿಟಕಿ ಒಂದೇ. ಸಂಜೆ ಮಂಜು ಇಳಿಯುವ ಹೊತ್ತಿಗೆ ಪೊದೆಯಿಂದ ಮೊದಲು ಎರಡು ಕಿವಿ ಕಾಣುವುದು. ಬಹಳ ಹೊತ್ತಿನ ಮೇಲೆ ಉಳಿದ ಮೊಲ. ಅದರ ಹಿಂದೆ ಇನ್ನೊಂದು. ಕತ್ತಿನ ಹಿಂಭಾಗದಲ್ಲಿ ಮಸಿ ಒರೆಸಿದ ಹಾಗೆ ಕಪ್ಪು. ಒಂದರ ಕಿವಿ ಹರಿದಿತ್ತು. ಮಾವ ಹಾಕಿದ ಅವರೆಯ ಕುಡಿ ತಿಂದು, ಎದ್ದು ಕೂತು, ಮುಂಗಾಲಿನಿಂದ ಮುಖ ಒರೆಸಿಕೊಳ್ಳುವ ಗತ್ತು ನೀವು ನೋಡಬೇಕಿತ್ತು. ಕಚೇರಿಗೆ ಹೊರಡುವ ಮುಂಚೆ ನೀವು ಮೀಸೆ ತೀಡಿಕೊಳ್ಳುವುದು ಅದಕ್ಕಿಂತ ಕಡಿಮೆಯೇ. ರಸ್ತೆಯಲ್ಲಿ ಗಾಡಿಯ ಸದ್ದಾದರೆ ಎರಡೂ ಅಲ್ಲಾಡದೆ ಕೂರುವವು. ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ಆಗ ಹೊಟ್ಟೆಯೊಳಗಿನದು ಒಮ್ಮೆ ಒದೆಯುತ್ತಿತ್ತು, ನನಗೆ ನಗು ಬರುತ್ತಿತ್ತು.

ಅವರೆ ಹಾಳಾಯಿತೆಂದು ಮಾವ ಗೊಣಗಿದರೇ ಹೊರತು ಕೋವಿ ಮುಟ್ಟಲಿಲ್ಲ. ಹುತ್ತರಿಯ ಮರುದಿನ ಅದನ್ನು ಶುದ್ಧ ಮಾಡಿ, ಎಣ್ಣೆ ಸವರಿ, ಮದ್ದು ತುಂಬಿ ಗೋಡೆಗೆ ಒರಗಿಸಿದ್ದರು. ಅದು ಮೊಮ್ಮಗನಿಗೆ. ಗಂಡು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಈಡು ಹೊಡೆದು ಊರಿಗೆ ತಿಳಿಸಬೇಕಲ್ಲ. ಈಗ ಮೊಲಕ್ಕೆ ಹೊಡೆದರೆ ನೆರೆಯವರು ತೊಟ್ಟಿಲು ನೋಡಲು ಬಂದುಬಿಡುತ್ತಾರೆ ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಇನ್ನು ಬರೆಯದೆ ವಿಧಿಯಿಲ್ಲ. ನಿಂತಿದ್ದರೆ ಕೂತುಕೊಳ್ಳಿ.

ನಮ್ಮ ಮಗು ಅಳಲಿಲ್ಲ. ದೊಡ್ಡಿ ಬೆನ್ನು ತಟ್ಟಿದಳು, ಬಾಯಿಗೆ ಊದಿದಳು, ತಣ್ಣೀರು ಚಿಮುಕಿಸಿದಳು. ತಲೆ ತುಂಬ ಕೂದಲಿತ್ತು, ಉಗುರಿತ್ತು, ನಿಮ್ಮ ಅಗಲ ಹಣೆಯಿತ್ತು. ಉಸಿರು ಮಾತ್ರ ಇರಲಿಲ್ಲ. ಅಂಥ ಮಗುವಿಗೆ ಕೋವಿ ಹಾರಿಸುವುದಿಲ್ಲ. ಹುಟ್ಟಿದ್ದಕ್ಕೆ ಹೊಡೆಯುವ ಒಂದು ಈಡೂ ಇಲ್ಲ, ಸತ್ತದ್ದಕ್ಕೆ ಹೊಡೆಯುವ ಎರಡು ಈಡೂ ಇಲ್ಲ. ಮಾವ ತಮ್ಮ ಮೆತ್ತನೆಯ ಹಳೇ ಪಂಚೆಯಲ್ಲಿ ಸುತ್ತಿ, ಹಿತ್ತಿಲ ಮೂಲೆಯ ಕಿತ್ತಳೆ ಗಿಡದ ಬುಡದಲ್ಲಿ ಮಣ್ಣು ಮಾಡಿದರು. ನೆರೆಯವರಿಗೆ ಹೇಳಲಿಲ್ಲ. ಹೇಳಬಾರದೆಂದಲ್ಲ, ಹೇಗೆ ಹೇಳುವುದೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

"ಅಳಬೇಡಿ ಅಮ್ಮ, ನಂಜಾಗ್ತದೆ" ಎಂದು ದೊಡ್ಡಿ ಗದರಿದಳು. ನನ್ನ ಎದೆ ಕಟ್ಟಿಕೊಂಡು ಕಲ್ಲಿನ ಹಾಗಾಗಿತ್ತು. ಹಾಲಿಗೇನು ಗೊತ್ತು, ಅದು ತನ್ನ ಪಾಡಿಗೆ ಬಂದಿತ್ತು. ಮೊಲಗಳಿಗೂ ಏನೂ ಗೊತ್ತಿಲ್ಲ, ಅವೂ ಸಂಜೆ ಬಂದವು. ಹೊಸ ಮಣ್ಣು ಮೆತ್ತಗಿತ್ತು ನೋಡಿ, ಕಿವಿ ನೆಟ್ಟಗಿದ್ದ ಮೊಲ ಅಲ್ಲೇ ಸ್ವಲ್ಪ ಕೆರೆದು ಮೈ ಹುದುಗಿಸಿ ಕೂರತೊಡಗಿತು. ಒಂದು ಬೆಳಿಗ್ಗೆ ದೊಡ್ಡಿಯ ಕಣ್ಣು ತಪ್ಪಿಸಿ ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋದೆ. ಮೊಲ ಆಗ ತಾನೆ ಎದ್ದು ಹೋಗಿತ್ತು. ಅದು ಕೂತ ಗುಳಿಗೆ ಕೈಯಿಟ್ಟರೆ ಬೆಚ್ಚಗಿತ್ತು. ಹುಚ್ಚಿ ಅನ್ನಿ ಬೇಕಾದರೆ, ನನಗೆ ಸಮಾಧಾನವಾಯಿತು. ಆ ಚಳಿಯಲ್ಲಿ ಮಗುವಿನ ಹತ್ತಿರ ಒಂದು ಜೀವ ಇದೆಯಲ್ಲ ಎನಿಸಿತು.

ಮಾವನಿಗೆ ಅದು ಹಾಗೆ ಕಾಣಲಿಲ್ಲ. ಒಂದು ಸಂಜೆ ಅವರು ಜಗಲಿಯಿಂದ ಎದ್ದು, ಕೋವಿ ಹಿಡಿದು ಹಿತ್ತಿಲಿಗೆ ಇಳಿದದ್ದು ಕಿಟಕಿಯಿಂದ ಕಂಡಿತು. ಬೇಡ ಮಾವ ಎನ್ನಲು ಬಾಯಿ ತೆರೆದೆ. ಸ್ವರ ಹೊರಡುವ ಮೊದಲೇ ಈಡು ಹಾರಿತು. ಸತ್ತ ಮೊಲವನ್ನು ಕಿವಿ ಹಿಡಿದು ಎತ್ತಿಕೊಂಡು, "ಅಲ್ಲಿ ಕೆರಿತಿತ್ತ್ ಮಗಳೇ, ಕೂಸಿನ ಮೇಲೆ ಕೆರಿತಿತ್ತ್" ಎಂದು ಅಂಗಳಕ್ಕೆ ಬಂದು ನಿಂತರು.

ಹಾರಿದ್ದು ಒಂದೇ ಈಡು. ನನಗೆ ದಿನ ತುಂಬಿದ್ದು ಕೇರಿಗೆಲ್ಲ ಗೊತ್ತಿತ್ತು. ನಾಣಯ್ಯನವರು ಓಡಿಬಂದರು. ಅವರ ಹಿಂದೆ ಬೊಳ್ಳಮ್ಮಕ್ಕ, ಗಂಡನ ಜೊತೆ ಹೆಜ್ಜೆ ಹಾಕಲಾಗದೆ ಏದುತ್ತಾ, ಒಂದು ತಂಬಿಗೆ ಹಾಲು, ಒಂದು ಅಚ್ಚು ಬೆಲ್ಲ ಹಿಡಿದುಕೊಂಡು. ಹೆರಿಗೆಯ ಮೈಲಿಗೆ ಇರುವ ಮನೆಯೊಳಗೆ ಕಾಲಿಡಬಾರದೆಂದು ಇಬ್ಬರೂ ಅಂಗಳದ ಆಚೆಗೇ ನಿಂತರು. "ಗಂಡಲ್ಲವಾ ಬೊಳ್ಳಪ್ಪಣ್ಣ! ದೇರಪ್ಪನಿಗೆ ಇವತ್ತೇ ಕಾರ್ಡು ಹಾಕ್ತೇನೆ" ಎಂದು ನಾಣಯ್ಯನವರು ಅಲ್ಲಿಂದಲೇ ಮಾವನಿಗೆ ಕೂಗಿ ಹೇಳಿದರು. ಮಾವನ ಕೈಯಲ್ಲಿ ತೂಗುತ್ತಿದ್ದ ಮೊಲ ಕಂಡು, ಬಾಣಂತಿಯ ಊಟಕ್ಕೂ ಆಯಿತಲ್ಲ ಎಂದು ನಕ್ಕರು. "ಮೊಲಕ್ಕೆ ಹೊಡ್ದದ್... ಮೊಲಕ್ಕೆ" ಎಂದಷ್ಟೇ ಹೇಳಲು ಮಾವನಿಂದ ಆದದ್ದು. ಅವರಿಗೆ ಅದೂ ತಮಾಷೆಯಾಗಿಯೇ ಕೇಳಿಸಿತು. ಹಾಲು, ಬೆಲ್ಲ ಅಲ್ಲೇ ಕಲ್ಲಿನ ಮೇಲಿಟ್ಟು ಹೋದರು. ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದೆ, ಹೊರಗೆ ಬರಲಿಲ್ಲ. ಮೊಲವನ್ನು ದೊಡ್ಡಿ ತೆಗೆದುಕೊಂಡು ಹೋದಳು. ಏನು ಮಾಡಿದಳೆಂದು ನಾನು ಕೇಳಲಿಲ್ಲ.

ಮಗುವನ್ನು ತೊಟ್ಟಿಲಿಗೆ ಹಾಕುವುದು ಯಾವತ್ತೆಂದು ಕೇಳಲು ಬಂದಾಗ ಅವರಿಗೆ ನಿಜ ತಿಳಿಯಿತು. ನಾಣಯ್ಯನವರು ಜಗಲಿಯಲ್ಲಿ ಕೂತು ಅತ್ತರು. ಕಾರ್ಡು ಆಗಲೇ ಹಡಗು ಹತ್ತಿ ಹೋಗಿತ್ತು. ಕೊನೆಗೆ ಹಿರಿಯರಿಬ್ಬರೂ ಸೇರಿ, ಯುದ್ಧದ ನಡುವೆ ಇರುವವನು, ಮಗನ ಮುಖ ನೋಡುವ ಆಸೆಯಿಂದಲಾದರೂ ಮೈ ಕಾಪಾಡಿಕೊಳ್ಳಲಿ, ಬಂದ ಮೇಲೆ ಹೇಳಿದರಾಯಿತು ಎಂದು ತೀರ್ಮಾನಿಸಿದರು. ನಾನು ಎದುರಾಡಲಿಲ್ಲ. ಮಗ ಚೆನ್ನಾಗಿದ್ದಾನೆ ಎಂದು ಬರೆಯಲು ಕೈ ಬರಲಿಲ್ಲ, ಇಲ್ಲ ಎಂದು ಬರೆಯಲೂ ಬರಲಿಲ್ಲ. ಅದಕ್ಕೇ ಮೊಲಗಳ ಬಗ್ಗೆ ಬರೆದೆ. ನಿಜ ಹೇಳಬೇಕೆಂದರೆ ಆ ಪತ್ರಗಳನ್ನು ಬರೆಯುವಾಗ ಅವು ಬರುವುದನ್ನೂ ನಿಲ್ಲಿಸಿದ್ದವು.

ಈಗ ನೀವು ಹೆಸರು ಕಳಿಸಿದ್ದೀರಿ. ಇನ್ನೊಂದು ಪತ್ರದಲ್ಲಿ ಹಲ್ಲು ಬಂತೇ ಎಂದು ಕೇಳುತ್ತೀರಿ, ಆಮೇಲೆ ಅಂಬೆಗಾಲಿಡುತ್ತಾನೆಯೇ ಎಂದು. ಅಲ್ಲಿ ನಿಮ್ಮ ಮನಸ್ಸಿನಲ್ಲಿ ಒಬ್ಬ ಮಗ ಬೆಳೆಯುತ್ತಾ ಹೋದರೆ ಅವನನ್ನು ನಾನು ಮತ್ತೆ ಹೇಗೆ ಮಣ್ಣು ಮಾಡಲಿ? ನನ್ನಿಂದ ಆಗುವುದಿಲ್ಲ. ಹಿರಿಯರ ಮಾತು ಮೀರಿ ಬರೆಯುತ್ತಿದ್ದೇನೆ, ದೊಡ್ಡಿಯ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆ. ಇದನ್ನು ಓದುವಾಗ ನೀವು ಅಲ್ಲಿ ಒಬ್ಬರೇ ಇರುತ್ತೀರಿ. ಒಂದು ಲೋಟ ನೀರು ಕೊಡಲೂ ನಾನು ಹತ್ತಿರವಿಲ್ಲ. ಏನು ಮಾಡಲಿ ಹೇಳಿ.

ನಿನ್ನೆ ಸಂಜೆ ಹರಿದ ಕಿವಿಯ ಮೊಲ ಒಂಟಿಯಾಗಿ ಬಂತು. ಕಿತ್ತಳೆ ಗಿಡದವರೆಗೂ ಬಂದು ಕೂತಿತು. ಮಾವ ಜಗಲಿಯ ತುದಿಯಲ್ಲಿದ್ದರು. ನಾನು ಮೊಲವನ್ನು ಬಿಟ್ಟು ಅವರನ್ನೇ ನೋಡಿದೆ. ಅವರು ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು, ಅದು ಹೋಗುವ ತನಕ ಹಾಗೇ ಕೂತಿದ್ದರು. ಅವರಿಗೆ ಬೈದು ಬರೆಯಬೇಡಿ. ಜ್ವರಕ್ಕೆ ಮದ್ದು ತೆಗೆದುಕೊಳ್ಳಿ.

ನಿಮ್ಮ ದಾರಿ ಕಾಯುತ್ತಿರುವ,
ಯಮುನ

ತಾ.ಕ.: ಪೊನ್ನಪ್ಪ ಎಂಬ ಹೆಸರನ್ನು ಎತ್ತಿಡಿ, ಮುಂದೆ ಬೇಕಾದೀತು. ನೀವೂ ಮಗ ಎಂದಿರಿ, ಊರೂ ಮಗ ಎಂದಿತು, ನಾನು ಈವರೆಗೆ ತಿದ್ದಲಿಲ್ಲ. ನಮಗೆ ಹುಟ್ಟಿದ್ದು ಹೆಣ್ಣು. ಬದುಕಿ, ಮನೆ ಹಾರಿಹೋಗುವ ಹಾಗೆ ಅತ್ತಿದ್ದರೂ ಅವಳಿಗಾಗಿ ಯಾರೂ ಕೋವಿ ಎತ್ತುತ್ತಿರಲಿಲ್ಲ. ಮೊಲಕ್ಕೆ ಹೊಡೆದದ್ದೇ ಆಗಲಿ, ಅವಳು ಬಂದಾಗ ನಮ್ಮ ಮನೆಯಲ್ಲಿ ಒಂದು ಈಡು ಹಾರಿತು, ನೆರೆಯವರು ಹಾಲು ಬೆಲ್ಲ ತಂದರು. ಅವಳಿಗೂ ಒಂದು ಹೆಸರು ಬರೆದು ಕಳಿಸಿ.