ಬಾಗಿಲು ತೆಗೆಯದ ಊರು

ನವೆಂಬರ್ 8, ಶನಿವಾರ

ಯಗಟಿಯಿಂದ ತೆಂಗಿನಕಾಯಿ ಲೋಡ್ ಬಂತು. ಅಪ್ಪ ಮಂಡಿ ಬಿಟ್ಟು ಕದಲಬೇಡ ಅಂದರು. ಕದಲಲಿಲ್ಲ, ತಲೆ ಮಾತ್ರ ಮನೆಯ ಕಂಪ್ಯೂಟರಿನಲ್ಲಿತ್ತು. ಮೂರು ವರ್ಷ ಕಾದ ಆಟ, ವೆಲ್ಡರಿನ್ ಟೂ, ನಿನ್ನೆ ಬಿಡುಗಡೆ ಆಗಿದೆ. ಊಟದ ನೆಪ ಹೇಳಿ ಓಡಿದೆ. ಅಮ್ಮ ಇಟ್ಟ ಮುದ್ದೆ ತಟ್ಟೆಯಲ್ಲೇ ಗಟ್ಟಿಯಾಯಿತು.

ಆಟದಲ್ಲಿ ಏನೂ ಇಲ್ಲ. ಬೆಟ್ಟ ಚೆನ್ನಾಗಿದೆ, ಮಂಜು ಚೆನ್ನಾಗಿದೆ. ಊರೊಳಗೆ ಹೋದರೆ ಎಲ್ಲ ಬಾಗಿಲೂ ಮುಚ್ಚಿವೆ. ತಟ್ಟಿದರೆ ತೆಗೆಯುವುದಿಲ್ಲ. ಅಂಗಡಿಯವನು ಸಾಮಾನು ಕೊಡುತ್ತಾನೆ, ಮುಖ ನೋಡುವುದಿಲ್ಲ. ಜೊತೆಗೆ ಬರುವವರು ಯಾರೂ ಸಿಗಲಿಲ್ಲ. ಕತ್ತಿ ಹಿಡಿದುಕೊಂಡು ಒಬ್ಬನೇ ಅಲೆಯುವುದು... ಇದಕ್ಕಾ ಮೂರು ವರ್ಷ ತಗೊಂಡರು?

ಗ್ರೂಪಿಗೆ ಬರೆದೆ. ನಮ್ಮದು ಮೂರೇ ಜನದ ಗ್ರೂಪು. ತರೀಕೆರೆಯ ಚಿನ್ಮಯ — ಪಿಯು ಕಾಲೇಜಲ್ಲಿ ಫಿಸಿಕ್ಸ್ ಹೇಳುತ್ತಾನೆ. ಅಜ್ಜಂಪುರದ ಅಶ್ವಿನಿ — ಅವಳ ಅಪ್ಪನ ಮೆಡಿಕಲ್ ಸ್ಟೋರ್ ನೋಡಿಕೊಳ್ಳುತ್ತಾಳೆ. ನಾನು, ಕಡೂರಿನ ತೆಂಗಿನಕಾಯಿ ಮಂಡಿ. ಬಿಎಸ್ಸಿಯಲ್ಲಿ ಒಂದೇ ಬೆಂಚು. ಇಬ್ಬರೂ ಆಟ ಬಹಳ ಚೆನ್ನಾಗಿದೆ ಅಂತ ಕುಣಿಯುತ್ತಿದ್ದಾರೆ. ಮಕ್ಕಳು ಹಿಂದೆ ಓಡಿ ಬರುತ್ತವಂತೆ. ಯಾವ ಮಕ್ಕಳು?

ನವೆಂಬರ್ 10, ಸೋಮವಾರ

ಇವತ್ತೂ ಜಗಳ. ಚಿನ್ಮಯ ಫೋನಿನಲ್ಲೇ ನಗುತ್ತಾನೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ. ನಾನು, ನಿನಗೆ ಚೆಂದದ ಚಿತ್ರ ತೋರಿಸಿದರೆ ಸಾಕು, ಮೆದುಳು ಕಾಲೇಜಲ್ಲೇ ಬಿಟ್ಟು ಬರ್ತೀಯ ಅಂದೆ. ಅಶ್ವಿನಿ ಮಾತ್ರ ಸಮಾಧಾನದಿಂದ, ಇನ್ನೊಂದು ಊರಿಗೆ ಹೋಗಿ ನೋಡು ಅಂದಳು. ಹೋದೆ. ಅಲ್ಲೂ ಬಾಗಿಲು ಮುಚ್ಚಿದ್ದರು.

ಮೊದಲನೇ ಭಾಗ ಹೀಗಿರಲಿಲ್ಲ. ಅದನ್ನು ಮೂವರೂ ಸೇರಿ ಒಂದೇ ಕಾಪಿ ತಗೊಂಡು, ಒಂದೇ ಅಕೌಂಟಿನಲ್ಲಿ ಆಡಿದ್ದು. ಒಬ್ಬನೇ ವೀರ, ಮೂರು ಜನರ ಕೈ. ವಾರಕ್ಕೊಬ್ಬರ ಪಾಳಿ. ಭದ್ರಾ ನಾಲೆ ನೀರಿನ ಪಾಳಿ ಇದ್ದ ಹಾಗೆ — ಚಿನ್ಮಯನ ಅಪ್ಪ ರಾಮಸ್ವಾಮಿಯವರು ಲಕ್ಕವಳ್ಳಿ ಡ್ಯಾಮಿನಲ್ಲಿದ್ದವರು, ಪದ್ಧತಿ ಅವರಿಂದ ಬಂದದ್ದು. ಪಾಳಿ ಮುಗಿಸಿದವನು ಏನು ಮಾಡಿದೆ ಅಂತ ಮುಂದಿನವನಿಗೆ ಹೇಳಲೇಬೇಕು. ಹೇಳದೆ ತೂಬು ಎತ್ತಿದವನು ಕಳ್ಳ. ಈ ಸಲ ಎಲ್ಲರೂ ದುಡಿಯುವವರಾಗಿದ್ದೇವೆ, ಒಬ್ಬೊಬ್ಬರು ಒಂದೊಂದು ಕಾಪಿ ತಗೊಂಡೆವು. ಹಳೇ ಆಟದ ಫೈಲು ನನ್ನ ಕಂಪ್ಯೂಟರಿನಲ್ಲೇ ಇತ್ತು, ಹೊಸದಕ್ಕೆ ಹಾಕಿಕೊಂಡೆ. ಅವರಿಬ್ಬರೂ ಹೊಸದಾಗಿ ಶುರು ಮಾಡಿದರು.

ನವೆಂಬರ್ 13, ಗುರುವಾರ. ಸಂಜೆ

ತಡೆಯಲಾಗಲಿಲ್ಲ. ಕನ್ನಡ ಗೇಮರ್ಸ್ ಅಂತ ದೊಡ್ಡ ಗ್ರೂಪ್ ಇದೆಯಲ್ಲ, ಅದರಲ್ಲಿ ಉದ್ದಕ್ಕೆ ಬರೆದು ಹಾಕಿದೆ. ಸತ್ತ ಆಟ, ಜೀವ ಇಲ್ಲದ ಊರುಗಳು, ಸೋಮಾರಿ ಕಂಪನಿ. ಯಾವ ಬಾಗಿಲು ತಟ್ಟಿದೆ, ಯಾರು ಮುಖ ತಿರುಗಿಸಿದರು, ಎಲ್ಲ ಫೋಟೊ ಸಮೇತ. ಲೈಕ್ ಬಂದವು. ನೀವು ನಮ್ಮ ಮನಸ್ಸಿನ ಮಾತು ಹೇಳಿದ್ರಿ ಬ್ರೋ ಅಂತ ಎಷ್ಟೋ ಜನ. ಬೈದವರೂ ಅಷ್ಟೇ ಜನ. ಹೊಗಳುವವರು ಅಲ್ಲಿ ಮದುವೆ ಊಟಕ್ಕೆ ಕರೆದರು, ಇಲ್ಲಿ ಅಜ್ಜಿ ಕಥೆ ಹೇಳಿತು ಅನ್ನುತ್ತಾರೆ. ಎರಡು ಕಡೆಯವರೂ ಒಂದೇ ಆಟದ ಬಗ್ಗೆ ಮಾತಾಡುತ್ತಿದ್ದೇವೆ ಅನ್ನಿಸುವುದೇ ಇಲ್ಲ.

ಖುಷಿಯಾಯಿತು. ಮಂಡಿಯಲ್ಲಿ ನನ್ನ ಮಾತಿಗೆ ಇಷ್ಟು ಬೆಲೆ ಯಾವತ್ತೂ ಬಂದಿಲ್ಲ.

ನವೆಂಬರ್ 14, ಶುಕ್ರವಾರ

ಬೀರೂರಿನ ವಿಶ್ವನಾಥ್ ಅನ್ನುವವರು ಆಟವನ್ನು ಎರಡು ಸಲ ಆಡಿ ನೋಡಿ ಬರೆದಿದ್ದಾರೆ. ತಣ್ಣಗೆ ಬರೆದಿದ್ದಾರೆ. ಹೊಗಳುವವರು, ಬೈಯುವವರು, ಎರಡೂ ಕಡೆಯವರು ಹೇಳುತ್ತಿರುವುದು ನಿಜ ಅಂತೆ. ಎರಡನೇ ಭಾಗ ಮೊದಲನೇ ಭಾಗದ ಫೈಲನ್ನು ಓದುತ್ತದೆ. ಅದರಲ್ಲಿ ಹೊಳೆಯೂರನ್ನು ಹಿಮದೊರೆಗೆ ತೋರಿಸಿಕೊಟ್ಟವರಿಗೆ ಇಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ. ಹಳೇ ಫೈಲು ಇಲ್ಲದವರಿಗೆ, ಊರು ಉಳಿಸಿದವರಿಗೆ, ಎಲ್ಲ ತೆಗೆದಿರುತ್ತದೆ.

ಓದಿದ ತಕ್ಷಣ ಕಿವಿ ಬಿಸಿಯಾದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ದೊಡ್ಡವನು. ಯಾರೂ ಕಳ್ಳ ಅನ್ನುವ ಮೊದಲೇ ಹೆಗಲಿನ ಫೋಟೊ ತೆಗೆದು ಊರಿಗೆಲ್ಲ ಹಂಚಿದೆ. ಲೈಕ್ ಕೊಟ್ಟವರು ಒಬ್ಬೊಬ್ಬರೇ ಲೈಕ್ ವಾಪಸ್ ತಗೊಳ್ಳುತ್ತಿದ್ದಾರೆ. ಕೆಲವರು ಮಾತ್ರ ಇನ್ನೂ ಹೊಡೆದಾಡುತ್ತಿದ್ದಾರೆ — ಮೂರು ವರ್ಷದ ಹಿಂದೆ ಒತ್ತಿದ್ದಕ್ಕೆ ಈಗ ಶಿಕ್ಷೆ ಕೊಡಲು ಆಟ ಯಾರು ಅಂತ. ಅವರ ಜೊತೆ ಸೇರಿಕೊಳ್ಳಬೇಕು ಅನ್ನಿಸಿತು. ಬೆರಳು ಬರಲಿಲ್ಲ.

ಹೊಳೆಯೂರು ಅಶ್ವಿನಿಯ ಊರು. ಹಿಮದೊರೆಯ ಸೈನ್ಯಕ್ಕೆ ಹೆದರಿ ಓಡಿ ಬಂದವರು ಹೊಳೆಯ ಆಚೆ ಬಚ್ಚಿಟ್ಟುಕೊಂಡ ಹಟ್ಟಿ. ತನ್ನ ಪಾಳಿ ಬಂದಾಗಲೆಲ್ಲ ಯುದ್ಧ ಬಿಟ್ಟು ಅಲ್ಲಿಗೆ ದವಸ ಹೊರುತ್ತಿದ್ದಳು. ಅಲ್ಲಿನ ಮುದುಕಿಗೆ ಹೆಸರಿಡಬಹುದಿತ್ತು, ತನ್ನ ಅಜ್ಜಿಯ ಹೆಸರಿಟ್ಟಳು. ಕಲ್ಲಮ್ಮ. ನನಗೆ ಮೈ ಉರಿಯುತ್ತಿತ್ತು. ಕೋಟೆ ಗೆಲ್ಲುವುದು ಬಿಟ್ಟು ರಾಗಿ ಮೂಟೆ ಹೊರುವ ವೀರ.

ಆಮೇಲೆ ಅವಳ ಅಪ್ಪನಿಗೆ ಹೃದಯದ ತೊಂದರೆ ಆಗಿ ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದರು. ಅವಳದೇ ಪಾಳಿ. ಆಸ್ಪತ್ರೆ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದಿಷ್ಟು ಆಡಿದಳಂತೆ. ಕೈಲಾಗುತ್ತಿಲ್ಲ, ಉಳಿದದ್ದು ನೀನೇ ಆಡು ಅಂತ ನನಗೆ ಫೋನ್ ಮಾಡಿದಳು. ನಾನು ಆಡಿದೆ. ಬೆಟ್ಟ ಹತ್ತಿ ಹಿಮದೊರೆಯ ಹತ್ತಿರ ಹೋದೆ. ಹೊಳೆಯೂರಿನ ದಾರಿ ಹೇಳಿದೆ, ಅದಕ್ಕೆ ಅವನು ಕೊಟ್ಟ ಕತ್ತಿ ತಗೊಂಡೆ. ಗ್ರೂಪಿನಲ್ಲಿ, ನಾನು ತೆಗೆದಾಗಲೇ ಕತ್ತಿ ಇತ್ತು, ಅಶ್ವಿನಿ ಎಲ್ಲೋ ಹುಡುಕಿದ್ದಾಳೆ ಅಂತ ಹೇಳಿದೆ. ಇಬ್ಬರೂ ಅವಳನ್ನು ಹೊಗಳಿದೆವು. ನಾನೂ ಹೊಗಳಿದೆ. ಆಮೇಲೆ ಅವಳು ಪಾಳಿ ಆಡಲಿಲ್ಲ, ಹೊಳೆಯೂರಿನ ಕಡೆ ಯಾರೂ ಹೋಗಲಿಲ್ಲ.

ನವೆಂಬರ್ 16, ಭಾನುವಾರ. ತರೀಕೆರೆ ಬಸ್ಸಿನಿಂದ ಇಳಿದು ಬಂದು

ಚಿನ್ಮಯ ಬಾ ಅಂದಿದ್ದ. ಹೋಗದಿದ್ದರೆ ಅನುಮಾನ ಬರುತ್ತದೆ ಅಂತ ಹೋದೆ.

ಅವನು ಬೋರ್ಡ್ ಮುಂದೆ ನಿಂತ ಮೇಷ್ಟ್ರ ಹಾಗೆ ಲೆಕ್ಕ ಹಾಕಿಬಿಟ್ಟಿದ್ದ. ನಮ್ಮ ಫೈಲಿನಲ್ಲಿ ಹೊಳೆಯೂರು ಹೋಗಿದೆ. ಕತ್ತಿ ಹಿಮದೊರೆಯ ಹತ್ತಿರ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ. ಕತ್ತಿ ಬಂದದ್ದು ಅಶ್ವಿನಿಯ ಪಾಳಿಯಲ್ಲಿ. ಮುಗಿಯಿತು. ಅವಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಮೊದಲು ತಮಾಷೆಯಾಗಿಯೇ ಶುರು ಮಾಡಿದ, ಆಮೇಲೆ ಅವನಿಗೇ ಸಿಟ್ಟು ಏರಿತು. ಹೇಳದೆ ತೂಬು ಎತ್ತಿದೆ ಅಂದ.

"ನಿಮ್ಮಜ್ಜಿ ಹೆಸರಿಟ್ಟಿದ್ದೆ ಕಣೇ ಆ ಮುದುಕಿಗೆ. ಒಂದು ಕತ್ತಿಗೆ ಕೊಟ್ಬಿಟ್ಯಲ್ಲ."

 ಅಶ್ವಿನಿ ಹೇಳಿದಳು.

"ನಾನೇ ಒತ್ತಿರ್ಬೇಕು ಕಣೋ. ಆ ವಾರ ಏನ್ ಮಾಡ್ದೆ ಅಂತ ನಂಗೇ ನೆಪ್ಪಿಲ್ಲ. ಡಾಕ್ಟರ್ ಏನಂತಾರೋ ಅಂತ ಬಾಗ್ಲು ನೋಡ್ತಾ ಸುಮ್ನೆ ಒತ್ತಿದ್ದೆ."

ಈಗ ಹೇಳಬೇಕಿತ್ತು. ಬಾಯಿ ತೆಗೆದೆ ಕೂಡ. ಆಚೆ ಬಂದದ್ದು ಬೇರೆ. ಅವಳಿಗೆ ಆ ವಾರ ನಿದ್ದೆಯೇ ಇರಲಿಲ್ಲ, ಪಾಪ, ಗೊತ್ತಾಗದೆ ಒತ್ತಿದ್ದಾಳೆ, ಬಿಡು ಚಿನ್ಮಯ ಅಂದೆ. ಅವಳ ಪರ ಮಾತಾಡಿದೆ. ಅವಳು ಥ್ಯಾಂಕ್ಸ್ ಅಂದಳು.

ಒಳಗಿಂದ ಕಾಫಿ ತಂದ ರಾಮಸ್ವಾಮಿಯವರು ನನ್ನ ಬೆನ್ನು ತಟ್ಟಿ, ಸ್ನೇಹಿತ ಅಂದರೆ ಓಂಕಾರನ ಹಾಗಿರಬೇಕು, ತಪ್ಪಿದವರನ್ನ ಕೈಬಿಡಲ್ಲ ಅಂದರು. ಕಾಫಿ ಕುಡಿದೆ. ಪೂರ್ತಿ ಕುಡಿದೆ.

ನವೆಂಬರ್ 17, ಸೋಮವಾರ

ಅಶ್ವಿನಿ ಗ್ರೂಪಿನಿಂದ ಹೊರಗೆ ಹೋಗಿದ್ದಾಳೆ. ಹೋಗುವ ಮೊದಲು ಸಾರಿ ಅಂತ ಒಂದೇ ಪದ. ಚಿನ್ಮಯ, ಇರಲಿ ಬಿಡು, ನಾಲ್ಕು ದಿನಕ್ಕೆ ಸರಿ ಹೋಗ್ತಾಳೆ ಅಂತಾನೆ.

ನನ್ನ ಪೋಸ್ಟ್ ಅಳಿಸಿದೆ. ನಾಚಿಕೆ ಅದರ ಜೊತೆ ಅಳಿಯಲಿಲ್ಲ. ಮಂಡಿಯಲ್ಲಿ ಕಾಯಿ ಸುಲಿಯುವ ನಂಜುಂಡಪ್ಪ, ಯಾಕಣ್ಣ ಮಕ ಬಾಡೈತೆ ಅಂದ. ಜ್ವರ ಅಂದೆ. ಸುಳ್ಳು ಈಗ ಕೇಳದೆಯೂ ಬರುತ್ತದೆ.

ಇಷ್ಟಕ್ಕೂ ಆಟ. ಹೊಳೆಯೂರು ಇಲ್ಲ, ಮುದುಕಿ ಇಲ್ಲ, ಯಾರೂ ಸತ್ತಿಲ್ಲ. ಹೀಗೆ ಬೆಳಿಗ್ಗೆಯಿಂದ ಹೇಳಿಕೊಳ್ಳುತ್ತಿದ್ದೇನೆ. ಅಶ್ವಿನಿ ಇದ್ದಾಳಲ್ಲ.

ನವೆಂಬರ್ 29, ಶನಿವಾರ

ಬರೆಯಲು ಏನೂ ಇರಲಿಲ್ಲ ಅಂತಲ್ಲ. ಪುಸ್ತಕ ತೆಗೆಯಲು ಧೈರ್ಯ ಇರಲಿಲ್ಲ.

ಇವತ್ತು ಅಶ್ವಿನಿಯ ಫೋನ್. ಮೊದಲನೇ ಭಾಗವನ್ನು ತಾನೊಬ್ಬಳೇ ಹೊಸದಾಗಿ ಆಡುತ್ತಿದ್ದಾಳಂತೆ. ಎಲ್ಲಿ ತಪ್ಪು ಮಾಡಿದೆ ಅಂತ ನೋಡಬೇಕಂತೆ. ಅಂಗಡಿಯಲ್ಲೂ ಈಗ ಪ್ರತಿ ಚೀಟಿಯನ್ನೂ ಎರಡೆರಡು ಸಲ ಓದುತ್ತಾಳಂತೆ. ಗಿರಾಕಿಗಳು ಬೈಯುತ್ತಾರಂತೆ. ಆ ವಾರ ಗೊತ್ತಿಲ್ಲದೆ ಅಷ್ಟು ದೊಡ್ಡ ತಪ್ಪು ಮಾಡಿದ್ದರೆ, ಗೊತ್ತಿಲ್ಲದೆ ಬೇರೆ ಮಾತ್ರೆ ಕೊಟ್ಟುಬಿಟ್ಟರೆ ಏನು ಗತಿ ಅಂತ ಹೆದರಿಕೆ ಹುಟ್ಟಿದೆಯಂತೆ. ನಗುತ್ತಾ ಹೇಳಿದಳು. ನಾಳೆ ಬಾ, ಪಕ್ಕದಲ್ಲಿ ಕೂತುಕೋ, ಒಬ್ಬಳಿಗೇ ಬೇಜಾರು ಅಂದಳು.

ನಾಳೆ ಹೇಳಿಬಿಡುತ್ತೇನೆ. ಇಲ್ಲಿ ಬರೆದಿದ್ದೇನೆ, ಹೇಳಲೇಬೇಕು.

ನವೆಂಬರ್ 30, ಭಾನುವಾರ. ವಾಪಸ್ ಬರುವ ರೈಲಿನಲ್ಲಿ

ಹೇಳಲಿಲ್ಲ.

ಬೆಳಿಗ್ಗೆ ಅಜ್ಜಂಪುರದಲ್ಲಿ ಇಳಿದಾಗ ಅವಳ ಅಪ್ಪ ಶಿವಮೂರ್ತಪ್ಪನವರೇ ಸ್ಕೂಟರ್ ತಂದಿದ್ದರು. ಈಗ ಗಟ್ಟಿಮುಟ್ಟಾಗಿದ್ದಾರೆ. ಆಸ್ಪತ್ರೆಯಲ್ಲಿದ್ದಾಗ ದಿನಾ ಫೋನ್ ಮಾಡುತ್ತಿದ್ದೆಯಲ್ಲಪ್ಪ, ಅದನ್ನ ಮರೆಯಲ್ಲ ಅಂದರು. ಮಾಡುತ್ತಿದ್ದದ್ದು ನಿಜ. ಕತ್ತಿ ತಗೊಂಡ ದಿನವೂ ಮಾಡಿದ್ದೆ.

ಊಟ ಆದಮೇಲೆ ಆಟದ ಮುಂದೆ ಕೂತೆವು. ಅವಳು ಹಿಮದೊರೆಯ ಬಾಗಿಲವರೆಗೆ ಬಂದು ನಿಲ್ಲಿಸಿದ್ದಳು. ನಿದ್ದೆಗಣ್ಣಿನಲ್ಲಿ ಹೇಗೆ ಒತ್ತಿದೆ ಅಂತ ನೋಡೋಣ, ಸೇವ್ ಮಾಡಿದ್ದೀನಿ, ಆಮೇಲೆ ಹಿಂದಕ್ಕೆ ಬಂದರಾಯಿತು ಅಂದಳು. ದೊರೆ ಕೇಳಿದ, ಊರು ಎಲ್ಲಿದೆ ಹೇಳುವೆಯಾ. ಹೂಂ ಒತ್ತಿದಳು. ಮತ್ತೆ ಕೇಳಿದ, ಅಲ್ಲಿ ಯಾರೂ ಉಳಿಯುವುದಿಲ್ಲ, ಆದರೂ ಹೇಳುವೆಯಾ. ಒತ್ತಿದಳು. ಮೂರನೇ ಸಲ ಅವನು ಕೇಳುವುದಿಲ್ಲ. ಪರದೆ ಕಪ್ಪಾಗುತ್ತದೆ. ಆ ಊರಿನವರ ಹೆಸರುಗಳು ನಿಧಾನ ಬರುತ್ತವೆ, ಒಬ್ಬೊಬ್ಬರದೂ. ಕಲ್ಲಮ್ಮ ಕೊನೆಗೆ. ಅದರ ಕೆಳಗೆ ಹೌದು, ಇಲ್ಲ.

ನನಗೆ ಇದೆಲ್ಲ ಗೊತ್ತಿತ್ತು. ಅವತ್ತು ಆ ಹೆಸರು ಓದಿಯೇ ಒತ್ತಿದ್ದೆ. ಓದಿ, ಸ್ವಲ್ಪ ಖುಷಿಯಿಂದಲೇ ಒತ್ತಿದ್ದೆ. ಇನ್ನು ಮೂಟೆ ಹೊರುವುದು ತಪ್ಪಿತು ಅಂತ. ಇದನ್ನು ಇಲ್ಲಿ ಬರೆಯಲೂ ನಾಚಿಕೆ.

ಅಶ್ವಿನಿ ಮೌಸ್ ಮೇಲಿಂದ ಕೈ ತೆಗೆದಳು. ಪರದೆಯನ್ನೇ ನೋಡುತ್ತಾ ಹೇಳಿದಳು.

"ಇದನ್ನ ಗೊತ್ತಿಲ್ದೆ ಒತ್ತಕ್ಕೆ ಆಗಲ್ಲ ಕಣೋ."

ಆಮೇಲೆ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಒಳಗೆ ಶಿವಮೂರ್ತಪ್ಪನವರು ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದರು, ಗೊರಕೆ ಕೇಳುತ್ತಿತ್ತು. ಅವಳು ಇಲ್ಲ ಅನ್ನುವುದನ್ನು ಒತ್ತಿ, ಕಂಪ್ಯೂಟರ್ ಆಫ್ ಮಾಡಿ, ಟೀ ಇಡುತ್ತೇನೆ ಅಂತ ಎದ್ದಳು. ಟೀಗೆ ಸಕ್ಕರೆ ಎಷ್ಟು ಅಂತ ಕೇಳಿದಳು. ಎಂಟು ವರ್ಷದಿಂದ ಅವಳಿಗೆ ಗೊತ್ತು.

ಸ್ಟೇಷನ್ನಿಗೆ ನಡೆದುಕೊಂಡೇ ಬಂದೆವು. ಗಾಡಿ ಬರುವ ಹೊತ್ತಿಗೆ ಹೇಳಿದಳು.

"ಚಿನ್ಮಯಂಗೆ ನಾನೇನೂ ಹೇಳಲ್ಲ. ಕತ್ತಿ ತಗೊಂಡಿದ್ದಕ್ಕೂ ನಂಗೆ ಸಿಟ್ಟಿಲ್ಲ, ಆಟ ಅದು. ಅವತ್ತು ತರೀಕೆರೆಲಿ ಪಾಪ ಅಂದ್ಯಲ್ಲ ನನ್ನ. ನಾನು ಥ್ಯಾಂಕ್ಸ್ ಬೇರೆ ಹೇಳ್ದೆ."

ಏನಾದರೂ ಹೇಳಬೇಕಿತ್ತು. ಗಾಡಿ ಬಂತು ಅಂದೆ.

ಡಿಸೆಂಬರ್ 2, ಮಂಗಳವಾರ. ಮಧ್ಯಾಹ್ನ, ಮಂಡಿ

ಬೆಳಿಗ್ಗೆ ಅವಳನ್ನು ಗ್ರೂಪಿಗೆ ಮತ್ತೆ ಸೇರಿಸಿದೆ. ಬಂದಳು, ಏನೂ ಬರೆಯಲಿಲ್ಲ. ಚಿನ್ಮಯ ಮಾತ್ರ, ಬಂದ್ಯಾ ತಾಯಿ, ಊರು ಮಾರಿದೋಳು ಅಂತ ನಗುವ ಮುಖ ಹಾಕಿದ.  ಅವಳು ಆನ್‌ಲೈನ್ ಇದ್ದಳು, ಓದಿಯೇ ಇರುತ್ತಾಳೆ.

ಮೊದಲು ಹೀಗೆ ಟೈಪ್ ಮಾಡಿದೆ: ಆಟ ಅಲ್ವಾ ಗುರು, ಸುಮ್ಮನೆ ಒಂದು ಕತ್ತಿ ಆಸೆಗೆ... ಅಳಿಸಿದೆ. ಆಮೇಲೆ, ನನಗೆ ಮರೆತೇ ಹೋಗಿತ್ತು, ಈಗ ನೆನಪಾಯಿತು ಅಂತ. ಅದು ಇನ್ನೊಂದು ಸುಳ್ಳು. ಅದನ್ನೂ ಅಳಿಸಿದೆ. ಅಪ್ಪ ಎರಡು ಸಲ ಕೂಗಿದರು, ಲಾರಿ ನಿಂತಿದೆ ಅಂತ. ಬತ್ತೀನಿ ಅಂದೆ.

ಚಿನ್ಮಯನ ಮೆಸೇಜ್: "ಲೇ ಓಂಕಾರಿ, ಆಗ್ಲಿಂದ ಟೈಪಿಂಗ್ ಟೈಪಿಂಗ್ ಅಂತ ತೋರಿಸ್ತೈತೆ. ಏನ್ಲೇ ಅದು?"

ಅಶ್ವಿನಿ ಆನ್‌ಲೈನ್ ಇದ್ದಾಳೆ. ಮೊದಲು ಇಲ್ಲಿ ಸರಿಯಾಗಿ ಬರೆದುಕೊಂಡು, ನೋಡಿಕೊಂಡು ಅಲ್ಲಿ ಹಾಕುತ್ತೇನೆ. ಒಂದೇ ಸಾಲು. ನೆಪ ಇಲ್ಲದೆ.

ಚಿನ್ಮಯ, ಅಶ್ವಿನಿ ಏನೂ ಮಾಡಿಲ್ಲ. ಹೊಳೆಯೂರನ್ನ ಕೊಟ್ಟಿದ್ದು...