ಹಳದಿ ಅಡುಗೆಮನೆಯ ಕೊಕ್ಕೆ

ಬಾಂಬರ್ಗ್
ಭಾನುವಾರ, 20 ಅಕ್ಟೋಬರ್ 1991

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ವಿಟ್ಬಿಯಲ್ಲಿ ಸಮುದ್ರದ ಗಾಳಿ ಶುರುವಾಗಿರುತ್ತದೆ. ಏಣಿ ಹತ್ತುವ ಕೆಲಸ ಇನ್ನು ಸಾಕು, ಚಾವಣಿಗೆ ಬಣ್ಣ ಬಳಿಯದಿದ್ದರೆ ಯಾರೂ ಬಯ್ಯುವುದಿಲ್ಲ. ನಮ್ಮ ಮುದಿ ನಾಯಿ ಪಾರ್ಸ್ನಿಪ್‌ಗೆ ನಿಜವಾಗಿ ಕಿವಿ ಕೇಳಿಸುತ್ತಿಲ್ಲವೋ, ಅಥವಾ ಬಿಸ್ಕತ್ತಿನ ಡಬ್ಬಿ ಸದ್ದು ಮಾತ್ರ ಕೇಳಿಸುವ ಹಳೇ ನಾಟಕವೋ? ನಾನು ಚೆನ್ನಾಗಿದ್ದೇನೆ. ನೆಗಡಿ ಇತ್ತು, ಹೋಯಿತು.

ಭಾನುವಾರ ಮಧ್ಯಾಹ್ನ ಪೆನ್ನು ಹಿಡಿದು ಕೂತರೆ ಈಗಲೂ ಬೆನ್ನ ಹಿಂದೆ ವಾರ್ಡನ್ ಮಿಸ್ ಆಕ್ರಾಯ್ಡ್ ನಿಂತಿದ್ದಾಳೆ ಅನ್ನಿಸುತ್ತದೆ. ಶಾಲೆಯ ಹಾಸ್ಟೆಲಿನಲ್ಲಿ ನಾವು ಮನೆಗೆ ಬರೆದ ಪ್ರತಿ ಕಾಗದವನ್ನೂ ಅವಳು ಓದಿಯೇ ಕಳಿಸುತ್ತಿದ್ದಳು ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ. ಮನೆಯವರಿಗೆ ಚಿಂತೆ ಹಚ್ಚುವ ಸಾಲು ಕಂಡರೆ ಕಾಗದ ವಾಪಸ್ಸು. ಹಾಗಾಗಿ ಅಷ್ಟೂ ವರ್ಷ ನಾನು ನಿನಗೆ ಮಳೆ, ಪುಡಿಂಗು ಮತ್ತು ಹಾಕಿ ಪಂದ್ಯ ಬಿಟ್ಟು ಬೇರೇನೂ ಬರೆದಿಲ್ಲ. ಈಗ ಯಾರೂ ಓದುವುದಿಲ್ಲ, ಆದರೂ ಕೈ ಅದನ್ನೇ ಬರೆಯಲು ಹೋಗುತ್ತದೆ. ಇಲ್ಲಿ ಬಿಸಿಲಿದೆ. ಊಟ ಚೆನ್ನಾಗಿದೆ. ಹಾಕಿ ಇಲ್ಲ.

ಮತ್ತೆ ಹಾಸ್ಟೆಲಿನಲ್ಲೇ ಇದ್ದೇನೆ, ಅದು ನನ್ನ ಹಣೆಬರಹ. ತಾತನ ಮನೆಯ ಅಟ್ಟದ ಕೋಣೆ ನನಗೆ ಎಂದಿದ್ದ ಅಮ್ಮ ಅಲ್ಲಿ ಈರುಳ್ಳಿ ಒಣಗಲು ಹರಡಿದ್ದಾಳೆ. ವಿಶ್ವವಿದ್ಯಾಲಯದ ತರಗತಿಗಳು ಶುರುವಾಗಿವೆ. ಕಲಾ ಇತಿಹಾಸದ ಮೊದಲ ದಿನವೇ ತಪ್ಪು ಕೋಣೆಗೆ ಹೋಗಿ, ಎದ್ದು ಬರಲು ಧೈರ್ಯವಾಗದೆ, ತೆರಿಗೆ ಕಾನೂನಿನ ಉಪನ್ಯಾಸ ಪೂರ್ತಿ ಕೇಳಿದೆ. ಟಿಪ್ಪಣಿ ಕೂಡ ಮಾಡಿಕೊಂಡೆ. ಬೇಕರಿಯಲ್ಲಿ ಬಾಯಿ ತೆರೆದರೆ ಸಾಕು, ನೀನು ಯಾವ ಊರಿನವಳಮ್ಮಾ ಎಂದು ಕೇಳುತ್ತಾರೆ. ಐಶ್‌ಫೆಲ್ಡರ್ ತೋಟಗಾರರ ಮೊಮ್ಮಗಳು ಎಂದರೆ ಮುಖ ಅರಳಿಸಿ ಎರಡು ಬನ್ನು ಹೆಚ್ಚಿಗೆ ಹಾಕುತ್ತಾರೆ. ಅಪ್ಪ ಇಂಗ್ಲೆಂಡಿನವರು ಎಂದರೆ ಪಾಪ ಎನ್ನುವ ಹಾಗೆ ಇನ್ನೊಂದು ಹಾಕುತ್ತಾರೆ.

ಸರಿ, ನೀನು ವಹಿಸಿದ ಕೆಲಸಕ್ಕೆ ಬರುತ್ತೇನೆ. ತಾತ ತೀರಿಕೊಂಡ ಮಾರ್ಚಿನಲ್ಲಿ ಅಮ್ಮ ಹೊರಟಾಗ ಏನು ಹೇಳಿದ್ದಳು ಎಂದು ಇಬ್ಬರಿಗೂ ನೆನಪಿದೆ. ಮಣ್ಣು ಮುಗಿಸಿ, ಬೆಟ್ಟದ ಮೇಲಿನ ಬಿಯರ್ ತೋಟದಲ್ಲಿರುವ ತಾತನ ಮಗ್ಗು ಎತ್ತಿಕೊಂಡು ಎರಡು ವಾರದಲ್ಲಿ ಬರುತ್ತೇನೆ ಎಂದಿದ್ದಳು. ಆಮೇಲೆ ಮನೆ ಮಾರಬೇಕು ಎಂದಳು, ಆಮೇಲೆ ನೆಟ್ಟ ಈರುಳ್ಳಿ ಬಿಟ್ಟು ಹೇಗೆ ಬರಲಿ ಎಂದಳು, ಆಮೇಲೆ ಕೊಯ್ಲು. ನೀನು ಮಾತ್ರ ಮಗ್ಗು ಬರುತ್ತದೆಂದು ಅಡುಗೆಮನೆಗೆ ಹಳದಿ ಬಣ್ಣ ಬಳಿದು, ಒಲೆಯ ಪಕ್ಕ ಹಿತ್ತಾಳೆ ಕೊಕ್ಕೆ ಹೊಡೆದು ಕೂತಿದ್ದೀಯ. ನಿನ್ನ ಉಪಾಯ ಓದಿ ನಗು ಬಂತು. ಹುಟ್ಟಿದ ಊರು ಯಾರ ಕಣ್ಣಿಗೂ ಕಾಣುವುದಿಲ್ಲ, ಅಮ್ಮನನ್ನು ಪ್ರವಾಸಿಗಳ ಹಾಗೆ ಒಂದು ದಿನ ಸುತ್ತಿಸು, ಕಾಲು ನೋಯಲಿ, ಆಗ ಮನೆ ನೆನಪಾಗುತ್ತದೆ. ಮಾತಿನ ನಡುವೆ ಕ್ರಿಸ್‌ಮಸ್‌ಗೆ ಬರುತ್ತಾಳಾ ಕೇಳು ಎಂದು ಬರೆದಿದ್ದೆ. ನಿನ್ನೆ ಹಾಗೇ ಮಾಡಿದೆ.

ಹೊಳೆ ನಡುವಿನ ಹಳೇ ಪುರಭವನದಿಂದ ಶುರು ಮಾಡಿದೆವು. ಗೋಡೆಯ ಚಿತ್ರದೊಳಗಿಂದ ಗಾರೆಯ ಕಾಲೊಂದು ಹೊರಗೆ ಚಾಚಿಕೊಂಡಿದೆಯಲ್ಲ, ಚಿಕ್ಕವಳಿದ್ದಾಗ ನೀನು ನನ್ನನ್ನು ಎತ್ತಿ ತೋರಿಸಿದ್ದ ಕಾಲು, ಅದು ಹಾಗೇ ಇದೆ. ಪೂರ್ತಿ ಒಳಗೆ ಹೋಗಲೂ ಆಗದೆ ಪೂರ್ತಿ ಹೊರಗೆ ಬರಲೂ ಆಗದೆ ಎಷ್ಟು ಕಾಲದಿಂದ ಒದ್ದಾಡುತ್ತಿದೆ ನೋಡು ಎಂದೆ. ನಿನ್ನ ಹಾಗೇ ಎಂದಳು ಅಮ್ಮ. ಗುಲಾಬಿ ತೋಟದಲ್ಲಿ ಕೊನೆಯ ಹೂಗಳು ಉಳಿದಿದ್ದವು. ಅಲ್ಲಿಂದ ಕೆಳಗೆ ಕಾಣುವ ಕೆಂಪು ಹೆಂಚಿನ ಮನೆಗಳತ್ತ ಬೆರಳು ತೋರಿಸುತ್ತಾ ಅಮ್ಮ, ಅದು ಯಾರ ಮನೆ, ಇದರಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂದೆಲ್ಲಾ ಹೇಳುತ್ತಾ ಹೋದಳು. ಅವಳಿಗೆ ಊರು ಕಾಣುವುದಿಲ್ಲ ಎಂದು ನಿನಗೆ ಯಾರು ಹೇಳಿದರೋ. ಕಾಲು ನೋಯುತ್ತಿದ್ದದ್ದು ನನಗೆ.

ಕತೀಡ್ರಲ್‌ನಲ್ಲಿ ಕಂಬದ ಮೇಲಿನ ಕುದುರೆ ಸವಾರನನ್ನು ನೋಡಿದೆವು. ಅವನು ಯಾರೆಂದು ಇವತ್ತಿಗೂ ಗೊತ್ತಿಲ್ಲ ಎಂದು ನಮ್ಮ ಪ್ರೊಫೆಸರ್ ಹೇಳಿದ್ದನ್ನು ಹೇಳಿದೆ. ಆಮೇಲೆ ರಾಜ ಹೆನ್ರಿ ಮತ್ತು ರಾಣಿ ಕುನಿಗುಂಡೆಯ ಗೋರಿಯ ಹತ್ತಿರ ಬಂದೆವು. ಅದರ ಪಕ್ಕದ ಕಲ್ಲಿನಲ್ಲಿ ರಾಣಿ ಕಾದ ನೇಗಿಲ ಗುಳಗಳ ಮೇಲೆ ನಡೆಯುವುದನ್ನು ಕೆತ್ತಿದ್ದಾರೆ. ಗಂಡನಿಗೆ ಅನುಮಾನ ಬಂದು ಪರೀಕ್ಷೆಗಿಟ್ಟ ಕಥೆ. ಅಮ್ಮ ಅಲ್ಲಿ ತುಂಬಾ ಹೊತ್ತು ನಿಂತಳು. ಒಂದು ಜಪಾನಿ ಗುಂಪು ಬಂದು ಫೋಟೋ ತೆಗೆದು ಹೋಯಿತು. ಅವಳು ನಿಂತೇ ಇದ್ದಳು.

“ನೇಗಿಲು ಕಾಯ್ಸೋ ಮುಂಚೆ ಒಂದ್ ಮಾತು ಅವಳನ್ನೇ ಕೇಳ್ಬಹುದಿತ್ತು,” ಎಂದಳು. ನಂತರ ನನ್ನ ಕಡೆ ತಿರುಗಿ, “ನೀನೂ ಬೆಳಿಗ್ಗೆಯಿಂದ ಏನೋ ಕೇಳ್ಬೇಕು ಅಂತಿದೀಯ.”

ನಾನು ಹಸಿವಾಗ್ತಿದೆ ಎಂದುಬಿಟ್ಟೆ. ಅಪ್ಪಾ, ನಾನು ಇಂಥ ಕೆಲಸಕ್ಕೆ ಲಾಯಕ್ಕಲ್ಲ.

ಹಸಿವು ಎಂದಿದ್ದಕ್ಕೆ ಬೆಟ್ಟ ಹತ್ತಿಸಿದಳು. ಚಳಿಗೆ ಬಿಯರ್ ತೋಟ ಮುಚ್ಚುವ ಮೊದಲು ಇದೇ ಕೊನೆಯ ವಾರವಂತೆ, ಊರೆಲ್ಲಾ ಅಲ್ಲೇ ಇತ್ತು. ಮರಗಳ ಕೆಳಗೆ ಉದ್ದ ಮೇಜು, ಎಲ್ಲರೂ ಮನೆಯಿಂದ ಬುತ್ತಿ ತಂದು ಬಿಚ್ಚುತ್ತಿದ್ದರು. ಅಮ್ಮನೂ ಚೀಲದಿಂದ ಚೌಕಳಿ ಬಟ್ಟೆ ತೆಗೆದು ಹಾಸಿ, ಬ್ರೆಡ್ಡು, ಚೀಸು, ಹೊಗೆ ಹಾಕಿದ ಮಾಂಸ, ಸುರುಳಿಯಾಗಿ ಹೆಚ್ಚಿದ ಮೂಲಂಗಿ ಇಟ್ಟಳು. ಬೆಳಿಗ್ಗೆಯೇ ಕಟ್ಟಿಟ್ಟಿದ್ದಳು ಎಂದರೆ ದಿನದ ದಾರಿ ಅವಳಿಗೆ ಮೊದಲೇ ಗೊತ್ತಿತ್ತು. ನಾನು ಅವಳನ್ನು ಸುತ್ತಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಬಿಯರ್ ಕೊಡುವ ಕುನಿ ನಿನಗೆ ನೆನಪಿದ್ದಾಳಲ್ಲ, ಒಂದೇ ಕೈಯಲ್ಲಿ ಆರು ಮಗ್ಗು ಹಿಡಿಯುವವಳು. ದೂರದಿಂದಲೇ ಅಮ್ಮನನ್ನು ಚಿಕ್ಕಂದಿನ ಹೆಸರು ಹಿಡಿದು ಕೂಗಿದಳು: “ಬಂದ್ಯೇನೇ ಬುರ್ಗಲ್? ನಿನ್ ಜಾಗ ಹಿಡ್ಕೊಂಡು ಸಾಕಾಯ್ತು. ಇವಳೇನಾ ಇಂಗ್ಲಿಷ್ ಮರಿ? ಮುಖ ನೋಡಿದ್ರೆ ಟೀ ಕೇಳೋ ಹಾಗಿದಾಳೆ.” ಪಕ್ಕದ ಮೇಜಿನ ಮುದುಕರೆಲ್ಲಾ ನಕ್ಕರು. ಅಮ್ಮನೂ ನಕ್ಕಳು. ನಮ್ಮ ಮನೆಯಲ್ಲಿ ಅವಳು ಹಾಗೆ ಬಾಯಿ ತೆರೆದು ನಕ್ಕಿದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ರಜೆಗೆ ಮಾತ್ರ ಬರುತ್ತಿದ್ದವಳು ನಾನು, ನನಗೆ ಗೊತ್ತಿಲ್ಲದಿರಬಹುದು. ನೀನು ನೋಡಿರುತ್ತೀಯ.

ಅಲ್ಲಿಯ ಗೋಡೆಯ ಮೇಲಿನ ಕಬ್ಬಿಣದ ಜಾಲರಿ ಬೀರುವಿನಲ್ಲಿ ಖಾಯಂ ಗಿರಾಕಿಗಳ ಸುಟ್ಟ ಜೇಡಿಮಣ್ಣಿನ ಮಗ್ಗುಗಳು ಸಾಲಾಗಿ ತೂಗುತ್ತವಲ್ಲ. ನೀನೇ ಒಂದು ಬೇಸಿಗೆಯಲ್ಲಿ ತಮಾಷೆಗೆ ನನಗೂ ಒಂದು ಕೊಕ್ಕೆ ಕೊಡಿ ಎಂದಿದ್ದೆ. ಕುನಿಯ ಗಂಡ, “ಅಳಿಯಂದಿರೇ, ಇದು ಬಂದುಹೋಗೋರಿಗಲ್ಲ, ವಾರವಾರ ಬಂದು ಕೂರೋರಿಗೆ,” ಎಂದಿದ್ದ. ತಾತ ಆ ರಾತ್ರಿಯೆಲ್ಲಾ ಅದನ್ನೇ ಹೇಳಿ ಹೇಳಿ ನಕ್ಕಿದ್ದರು. ಸತ್ತವರ ಮಗ್ಗನ್ನು ಬೋರಲು ಹಾಕುತ್ತಾರೆ. ಚಳಿ ಬರುವುದರೊಳಗೆ ಮನೆಯವರು ಒಯ್ಯಬೇಕು, ಇಲ್ಲವೇ ಕೊಕ್ಕೆ ಉಳಿಸಿಕೊಂಡು ತಾವೇ ಬಂದು ಕೂರಬೇಕು. ನಾನು ಬೋರಲಿದ್ದ ಮಗ್ಗನ್ನು ಹುಡುಕಿದೆ. ಬೋರಲಿದ್ದದ್ದು ಒಂದೇ, ಅದು ಯಾರೋ ಗಡಿಯಾರ ರಿಪೇರಿಯವನದು. ಅಮ್ಮ ತನ್ನ ಕೀಲಿಗೊಂಚಲು ತೆಗೆದು ಜಾಲರಿ ಬೀಗ ತೆರೆದಳು. ಅದೇ ಗೊಂಚಲಲ್ಲಿ ನಮ್ಮ ವಿಟ್ಬಿ ಮನೆ ಕೀಲಿಯೂ ಇತ್ತು, ಅದನ್ನು ನಾನು ಕಣ್ಣಾರೆ ನೋಡಿದೆ, ನಿನಗೆ ಹೇಳಬೇಕೆಂದೇ ನೋಡಿದೆ. ತಾತನ ಮಗ್ಗು ನೆಟ್ಟಗೆ ತೂಗುತ್ತಿತ್ತು.

ಆಗ ಕ್ರಿಸ್‌ಮಸ್ ವಿಚಾರ ಕೇಳಿದೆ. ಅವಳು ಮೂಲಂಗಿಗೆ ಉಪ್ಪು ಉದುರಿಸುತ್ತಾ, ಇನ್ನೂ ದಿನ ಇದೆಯಲ್ಲ, ತಿನ್ನು ಎಂದಳು. ಮೂಲಂಗಿ ತುಂಬಾ ಚೆನ್ನಾಗಿತ್ತು. ಬಿಯರಿನಲ್ಲಿ ಹೊಗೆ ವಾಸನೆ, ಮೊದಲ ಗುಟುಕಿಗೆ ನಾನು ಮುಖ ಸಿಂಡರಿಸಿದ್ದನ್ನು ಕುನಿ ಊರಿಗೆಲ್ಲಾ ಹೇಳಿದಳು. ಹೊತ್ತು ಇಳಿದ ಮೇಲೆ ಚಳಿಯಾಯಿತು, ಇಳಿದು ಬಂದೆವು. ಅಮ್ಮ ದಾರಿಯುದ್ದಕ್ಕೂ ತನ್ನ ಶಾಲು ನನಗೆ ಹೊದಿಸಿದ್ದಳು.

ಹಾಳೆ ಮುಗಿಯುತ್ತಾ ಬಂತು. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೋ. ಪಾರ್ಸ್ನಿಪ್‌ಗೆ ಕಿವಿ ಹಿಂದೆ ಕೆರೆದು ನನ್ನ ಹೆಸರು ಹೇಳು. ಪಕ್ಕದ ಮನೆಯ ಮಿಸೆಸ್ ಡಕ್ಕಿಟ್‌ಗೆ ನಮಸ್ಕಾರ ತಿಳಿಸು. ಇಲ್ಲಿ ಎಲ್ಲಾ ಚೆನ್ನಾಗಿದೆ, ಮಳೆಯಿಲ್ಲ, ಊಟಕ್ಕೆ ಕೊರತೆಯಿಲ್ಲ.

ನಿನ್ನ ಪ್ರೀತಿಯ
ಟಿಲ್ಲಿ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆ ಡಬ್ಬದ ಮುಂದೆ ನಿಂತು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಕೆಳಗೆ ಇಟ್ಟುಕೊಳ್ಳಲು ಗೋಡೆ ಮಾತ್ರ ಇದೆ. ಬೆಟ್ಟದ ಮೇಲಿನ ಆ ಮಗ್ಗಿನ ತವರದ ಮುಚ್ಚಳದ ಮೇಲೆ ತಾತನ ಹೆಸರಿನ ಕೆಳಗೆ ಅಮ್ಮ ಹೊಸದಾಗಿ ಇನ್ನೊಂದು ಹೆಸರು ಕೆತ್ತಿಸಿದ್ದಾಳೆ. ವಾಲ್‌ಬುರ್ಗಾ ಐಶ್‌ಫೆಲ್ಡರ್. ನಮ್ಮ ಮನೆತನದ ಹೆಸರಲ್ಲ, ಅವಳ ಮದುವೆಗೆ ಮುಂಚಿನ ಹೆಸರು. ನಾನು ಓದಿದ್ದನ್ನು ಅವಳು ನೋಡಿದಳು. “ನಿನ್ನಪ್ಪಂಗೆ ನಾನೇ ಹೇಳ್ತೀನಿ, ನೀನು ಬರೀಬೇಡ,” ಎಂದಳು. ಆಗಲಿ ಎಂದೆ. ನಿನಗೂ, ಏನಿದ್ದರೂ ಮುಚ್ಚಿಡದೆ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅಪ್ಪಾ, ಆ ಮಗ್ಗು ಬರುವುದಿಲ್ಲ. ಗೋಡೆಯಿಂದ ಕೊಕ್ಕೆ ಕೀಳಬೇಡ, ಹಳದಿ ಬಣ್ಣ ಕಿತ್ತುಬರುತ್ತದೆ. ಶಾಲೆಯ ಹಾಸ್ಟೆಲಿನಲ್ಲಿದ್ದ ನನ್ನ ನೀಲಿ ತಗಡಿನ ಮಗ್ಗು ಅಲ್ಲಿ ಮನೆಯ ಟ್ರಂಕಿನಲ್ಲಿದೆ. ಕ್ರಿಸ್‌ಮಸ್‌ಗೆ ನಾನು ಬರುವತನಕ ಅದನ್ನು ತೂಗುಹಾಕಿರು. ಚಿಕ್ಕದು, ಕೊಕ್ಕೆಗೆ ಸಡಿಲವಾಗಬಹುದು.